ರೊನಾಲ್ಡ್ ರಾಸ್ ಮಗುಚಿದ ತೊಟ್ಟಿ: ಸೊಳ್ಳೆ ಎಲ್ಲಿರಬೇಕು ಅಂತ ತೀರ್ಮಾನಿಸೋದು ಯಾರು?

ಕಳೆದ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ರಿಪೋರ್ಟ್ ನೋಡುತ್ತಾ ಹಾಸಿಗೆ ಹಿಡಿದಿದ್ದಾಗ, ಮನೆಮನೆ ಸರ್ವೆಗೆ ಬಂದ ಆರೋಗ್ಯ ಕಾರ್ಯಕರ್ತೆಯೊಬ್ಬರು ಬಾಗಿಲು ತಟ್ಟಿದರು. ಬಚ್ಚಲಿನ ಪಕ್ಕ ಇದ್ದ ನೀಲಿ ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟು ನೋಡಿದರು. ಸೊಳ್ಳೆ ಮರಿಗಳು ಕೊಂಕುತ್ತಾ ಮೇಲೆ ಕೆಳಗೆ ಓಡಾಡುತ್ತಿದ್ದವು. ಇದನ್ನ ಖಾಲಿ ಮಾಡಿ, ಇಲ್ಲಾಂದ್ರೆ ಫೈನ್ ಬೀಳುತ್ತೆ ಅಂದರು. ನಮ್ಮ ಬೀದಿಗೆ ನಲ್ಲಿ ನೀರು ಬರೋದೇ ಮೂರು ದಿನಕ್ಕೊಮ್ಮೆ ಅಕ್ಕಾ, ಖಾಲಿ ಮಾಡಿ ಏನು ಮಾಡಲಿ ಅಂದೆ. ನಮ್ಮನೇಲೂ ಇದೇ ಕತೆ ಅಂತ ನಕ್ಕು, ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದು ಮುಂದಿನ ಮನೆಗೆ ಹೋದರು.

ಜ್ವರ ಬಿಟ್ಟ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದಾಗ ರೊನಾಲ್ಡ್ ರಾಸ್ ಮತ್ತೆ ಎದುರಾದ. ಹೈಸ್ಕೂಲಿನಲ್ಲಿ ಆತನ ಬಗ್ಗೆ ನಾವು ಕಲಿತದ್ದು ಒಂದು ಮಾರ್ಕಿನ ಉತ್ತರ ಅಷ್ಟೇ. ಮಲೇರಿಯಾ ಹರಡೋದು ಸೊಳ್ಳೆಯಿಂದ ಅಂತ ಕಂಡುಹಿಡಿದವರು ಯಾರು? ರೊನಾಲ್ಡ್ ರಾಸ್. ಆದರೆ ಆ ಒಂದು ಮಾರ್ಕಿಗೂ ಹದಿನಾಲ್ಕು ವರ್ಷ ಮೊದಲು ಇದೇ ರಾಸ್ ಬೆಂಗಳೂರಿನಲ್ಲಿ ಒಂದು ನೀರಿನ ತೊಟ್ಟಿಯ ಮುಂದೆ ನಿಂತಿದ್ದ. ಅದರೊಳಗಿದ್ದದ್ದು ನನ್ನ ಡ್ರಮ್ಮಿನಲ್ಲಿ ಇದ್ದಂಥದ್ದೇ ಮರಿಗಳು. ಅಲ್ಲಿಂದ ಆತನ ಬದುಕನ್ನು ಓದಿದರೆ ಅದು ಬರೀ ವಿಜ್ಞಾನಿಯ ಕತೆಯಾಗಿ ಉಳಿಯಲ್ಲ. ಆಡಳಿತದ ಕತೆಯಾಗುತ್ತೆ.

ಅಪ್ಪ ಹೇಳಿದ ಕೋರ್ಸು

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದು ಮೂರೇ ದಿನವಾಗಿತ್ತು. ಅಪ್ಪ ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿ. ಹತ್ತು ಮಕ್ಕಳಲ್ಲಿ ಈತನೇ ದೊಡ್ಡವನು. ಎಂಟನೇ ವಯಸ್ಸಿಗೆ ಇಂಗ್ಲೆಂಡಿನ ನೆಂಟರ ಮನೆಗೆ ಕಳಿಸಿದರು. ಹುಡುಗನಿಗೆ ಕವಿಯಾಗಬೇಕು, ಚಿತ್ರ ಬರೆಯಬೇಕು, ಗಣಿತ ಮಾಡಬೇಕು ಅನ್ನುವ ಆಸೆ. ಅಪ್ಪನಿಗೆ ಮಗ ಡಾಕ್ಟರಾಗಿ ಭಾರತದ ಸರ್ಕಾರಿ ನೌಕರಿ ಹಿಡಿಯಬೇಕು ಅನ್ನುವ ಹಟ. ಗೆದ್ದದ್ದು ಅಪ್ಪ.

ಅಪ್ಪ ಹೇಳಿದರು ಅಂತ ಇಂಜಿನಿಯರಿಂಗ್ ಓದಿ, ಆಮೇಲೆ ಪತ್ರಿಕೋದ್ಯಮಕ್ಕೆ ಓಡಿಬಂದ ನನಗೆ ಈ ಭಾಗ ಓದುವಾಗ ನಗು ಬಂತು. ಲಂಡನ್ನಿನ ಸೇಂಟ್ ಬಾರ್ಥಲೋಮಿಯೊ ಆಸ್ಪತ್ರೆಯಲ್ಲಿ ವೈದ್ಯಕೀಯ ಓದುತ್ತಾ ರಾಸ್ ಪದ್ಯ, ನಾಟಕ ಬರೆದುಕೊಂಡು ಕಾಲ ಕಳೆದ. ಒಂದು ಪರೀಕ್ಷೆ ಪಾಸಾಗಿ, ಇನ್ನೊಂದರಲ್ಲಿ ಫೇಲಾಗಿ, ಹಡಗಿನ ಡಾಕ್ಟರಾಗಿ ಕೆಲಸ ಮಾಡಿ, ಕೊನೆಗೆ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದ. ಆಗ ಆತನಿಗೆ ಸೊಳ್ಳೆಯ ಬಗ್ಗೆ ವಿಶೇಷ ಆಸಕ್ತಿ ಏನೂ ಇರಲಿಲ್ಲ.

ಬೆಂಗಳೂರಿನ ತೊಟ್ಟಿ

1883ರಲ್ಲಿ ಬೆಂಗಳೂರು ದಂಡಿನ ತಾತ್ಕಾಲಿಕ ಸರ್ಜನ್ ಆಗಿ ಬಂದ ರಾಸ್‌ಗೆ ಊರಿನ ಹವೆ ಇಷ್ಟವಾಯಿತು. ಇಷ್ಟವಾಗದೇ ಇದ್ದದ್ದು ಬಂಗಲೆಯ ಸೊಳ್ಳೆ. ಅಕ್ಕಪಕ್ಕದ ಮನೆಗಳಿಗಿಂತ ತನ್ನ ಕೋಣೆಯಲ್ಲೇ ಯಾಕೆ ಇಷ್ಟೊಂದು ಕಾಟ ಅಂತ ಹುಡುಕಿದಾಗ, ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿ ಕಣ್ಣಿಗೆ ಬಿತ್ತು. ತುಂಬಾ ಮರಿಗಳು. ತೊಟ್ಟಿ ಮಗುಚಿಸಿದ. ಕಾಟ ಕಡಿಮೆಯಾಯಿತು.

ಖುಷಿಯಾಗಿ ದಂಡಿನ ಅಜುಟೆಂಟ್ ಬಳಿ ಹೋಗಿ, ಅಧಿಕಾರಿಗಳ ಮೆಸ್ಸಿನಲ್ಲೂ ಹೀಗೇ ತೊಟ್ಟಿ, ಡಬ್ಬ, ಹೂದಾನಿಗಳಲ್ಲಿ ಸೊಳ್ಳೆ ಹುಟ್ಟುತ್ತಿದೆ, ಖಾಲಿ ಮಾಡಿಸಿ ಅಂದ. ಅಜುಟೆಂಟ್ ಒಪ್ಪಲಿಲ್ಲ. ಸೊಳ್ಳೆ ಕೂಡ ಯಾವುದೋ ಉದ್ದೇಶಕ್ಕೆ ಸೃಷ್ಟಿಯಾದ ಜೀವಿ, ಪ್ರಕೃತಿಯ ಏರ್ಪಾಡನ್ನು ಕೆಡಿಸಬಾರದು, ಸಹಿಸಿಕೊಂಡು ಹೋಗಬೇಕು ಅನ್ನೋದು ಆತನ ವಾದ.

ಈ ಚಿಕ್ಕ ಜಗಳವೇ ರಾಸ್‌ನ ಉಳಿದ ಬದುಕಿನ ಟ್ರೇಲರ್. ಸೊಳ್ಳೆ ಎಲ್ಲಿರುತ್ತೆ ಅನ್ನೋದು ವಿಧಿಯೋ ಅಥವಾ ಯಾರೋ ಇಟ್ಟ ತೊಟ್ಟಿಯ ಫಲವೋ? ತೊಟ್ಟಿ ಇಟ್ಟವರು ಅದನ್ನು ಎತ್ತುತ್ತಾರಾ? ಮುಂದಿನ ನಲವತ್ತೈದು ವರ್ಷ ರಾಸ್ ಇದೇ ಪ್ರಶ್ನೆಗೆ ಸುತ್ತು ಹೊಡೆದ.

ತಪ್ಪು ಸೊಳ್ಳೆಯ ಹಿಂದೆ ಎರಡು ವರ್ಷ

ಮಲೇರಿಯಾಗೆ ಕಾರಣ ರಕ್ತದಲ್ಲಿರುವ ಒಂದು ಪರಾವಲಂಬಿ ಜೀವಿ ಅಂತ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ಕಂಡುಹಿಡಿದಿದ್ದ. ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟೋದು ಹೇಗೆ ಅನ್ನೋದು ಗೊತ್ತಿರಲಿಲ್ಲ. ಜೌಗು ನೆಲದ ಕೆಟ್ಟ ಗಾಳಿಯಿಂದ ಬರುತ್ತೆ ಅನ್ನುವ ಹಳೇ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಮಲೇರಿಯಾ ಅನ್ನುವ ಹೆಸರಿನ ಅರ್ಥವೇ ಕೆಟ್ಟ ಗಾಳಿ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದ ರಾಸ್‌ಗೆ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನುವ ಹಿರಿಯ ವೈದ್ಯ ಆ ಪರಾವಲಂಬಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಆನೆಕಾಲು ರೋಗದ ಹುಳು ಸೊಳ್ಳೆಯೊಳಗೆ ಬೆಳೆಯೋದನ್ನು ಚೀನಾದಲ್ಲಿ ನೋಡಿದ್ದವನು ಈ ಮ್ಯಾನ್ಸನ್. ಮಲೇರಿಯಾದ ದಾರಿಯೂ ಸೊಳ್ಳೆಯೇ ಇರಬೇಕು ಅನ್ನೋದು ಅವನ ಊಹೆ.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದು ಕೆಲಸ ಶುರು ಮಾಡಿದ. ರೋಗಿಗಳನ್ನು ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡೋದು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಎದ್ದಿತು, ರಾಸ್‌ನನ್ನು ಅಲ್ಲಿಗೆ ಕಳಿಸಿದರು. ಬೆಂಗಳೂರಿನಲ್ಲಿ ಸೊಳ್ಳೆಗೇನೂ ಬರ ಇರಲಿಲ್ಲ. ಮಲೇರಿಯಾ ರೋಗಿಗಳೇ ಸಾಕಷ್ಟು ಸಿಗಲಿಲ್ಲ. ಕೆಲಸ ನಿಂತುಹೋಯಿತು ಅಂತ ಮ್ಯಾನ್ಸನ್‌ಗೆ ಪತ್ರ ಬರೆದು ಗೋಳಾಡಿಕೊಂಡ.

ತಪ್ಪಿದ್ದು ಎಲ್ಲಿ? ಸೊಳ್ಳೆ ಅಂದರೆ ಒಂದೇ ಪ್ರಾಣಿ ಅಂದುಕೊಂಡದ್ದರಲ್ಲಿ. ರಾಸ್ ಹಿಡಿಯುತ್ತಿದ್ದದ್ದು ಮನೆಯ ಸುತ್ತ ಸುಲಭಕ್ಕೆ ಸಿಗುವ ಎರಡು ಬಗೆ. ಒಂದು ಬೂದುಬಣ್ಣದ್ದು, ಈಗ ಕ್ಯೂಲೆಕ್ಸ್ ಅನ್ನುತ್ತೇವೆ, ಕೊಳಚೆ ನೀರೂ ಅದಕ್ಕೆ ನಡೆಯುತ್ತೆ. ಇನ್ನೊಂದು ಕಪ್ಪು ಬಿಳಿ ಪಟ್ಟೆಯದ್ದು, ಈಡಿಸ್, ತೊಟ್ಟಿ ಡಬ್ಬಗಳ ತಿಳಿನೀರು ಅದಕ್ಕೆ ಪ್ರಿಯ. ನನಗೆ ಡೆಂಗಿ ಕೊಟ್ಟದ್ದು ಇದೇ ಈಡಿಸ್. ಇವೆರಡೂ ಮನುಷ್ಯರ ಮಲೇರಿಯಾ ಹೊರುವುದಿಲ್ಲ. ಅದನ್ನು ಹೊರುವ ಅನಾಫಿಲಿಸ್‌ಗೆ ಬೇಕಾದ ನೀರೇ ಬೇರೆ: ಹೊಂಡ, ತೊರೆಯ ಅಂಚು, ಕಾಲುವೆಯ ಸೋರಿಕೆ, ಬಾವಿ. ಅಂದರೆ ಮನೆಯ ಮುಂದಿನ ತೊಟ್ಟಿಯನ್ನು ನೋಡುತ್ತಾ ಕೂತವನಿಗೆ ಹೊಲದಾಚೆಯ ಕೊಲೆಗಾರ ಕಾಣುತ್ತಿರಲಿಲ್ಲ.

ಸೀಗೂರು ಘಾಟಿನ ಗೋಡೆ

ಸಿಕಂದರಾಬಾದಿಗೆ ಮರಳುವ ಮುನ್ನ ರಾಸ್ ಊಟಿಗೆ ಹೋದ. ಊಟಿಯಿಂದ ಮಸಿನಗುಡಿಯ ಕಡೆಗೆ, ಅಂದರೆ ನಮ್ಮ ಬಂಡೀಪುರದ ದಿಕ್ಕಿಗೆ ಇಳಿಯುವ ಸೀಗೂರು ಘಾಟ್ ಆಗ ಮಲೇರಿಯಾಗೆ ಕುಖ್ಯಾತ. ಹುಡುಕಿಕೊಂಡೇ ಅಲ್ಲಿಗೆ ಇಳಿದ. ಕ್ವಿನೈನ್ ನುಂಗಿಕೊಂಡಿದ್ದರೂ ಕೆಲವೇ ದಿನಕ್ಕೆ ಆತನಿಗೇ ಮಲೇರಿಯಾ ಹಿಡಿಯಿತು. ಆದರೆ ಅಲ್ಲೇ ಗೋಡೆಯ ಮೇಲೆ, ಬಾಲ ಮೇಲೆತ್ತಿ ವಿಚಿತ್ರವಾಗಿ ಕೂತಿದ್ದ, ರೆಕ್ಕೆ ಮೇಲೆ ಚುಕ್ಕಿಗಳಿದ್ದ ಸೊಳ್ಳೆಯೊಂದನ್ನು ನೋಡಿದ. ಹೆಸರು ಗೊತ್ತಿರಲಿಲ್ಲ. ಗುರುತು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಮೇಲೆ ಊಟಿಯಲ್ಲಿ ಸಾಹೇಬರು ಆರಾಮ, ಕೆಳಗೆ ಘಾಟಿನಲ್ಲಿ ಜ್ವರ. ನಡುವೆ ಇದ್ದದ್ದು ಕೆಲವು ಗಂಟೆಗಳ ದಾರಿ. ಇದರ ಗುಟ್ಟು ಈಗ ನಮಗೆ ಗೊತ್ತು. ಸೊಳ್ಳೆಗೆ ಸ್ವಂತ ಮೈ ಬಿಸಿ ಇಲ್ಲ, ಹೊರಗಿನ ಹವೆಯೇ ಅದರ ಮೈಯ ಹವೆ. ಅದರ ಹೊಟ್ಟೆಗೆ ಹೋದ ಪರಾವಲಂಬಿ ಬೆಳೆದು ಎಂಜಲಿನ ಗ್ರಂಥಿಗೆ ತಲುಪಿದ ಮೇಲಷ್ಟೇ ಆ ಸೊಳ್ಳೆ ಅಪಾಯಕಾರಿ. ಮಾರಕ ಫಾಲ್ಸಿಪಾರಂ ಬಗೆಯ ಮಲೇರಿಯಾಗೆ ಈ ಪಯಣ 25 ಡಿಗ್ರಿ ಉಷ್ಣಾಂಶದಲ್ಲಿ ಸುಮಾರು 12 ದಿನ ಹಿಡಿಯುತ್ತೆ. 20 ಡಿಗ್ರಿಗೆ ಇಳಿದರೆ ಸುಮಾರು ನಾಲ್ಕು ವಾರ. 18ರ ಹತ್ತಿರ ಹೆಚ್ಚುಕಡಿಮೆ ಎರಡು ತಿಂಗಳು. ಅಷ್ಟು ದಿನ ಬದುಕುವ ಸೊಳ್ಳೆಗಳು ಸಿಗೋದೇ ಅಪರೂಪ. ಸಮುದ್ರ ಮಟ್ಟದಿಂದ 2,200 ಮೀಟರ್ ಮೇಲಿನ ಊಟಿಯಲ್ಲಿ ರೋಗ ಹಣ್ಣಾಗುವ ಮೊದಲೇ ಸೊಳ್ಳೆ ಸಾಯುತ್ತೆ. ಬ್ರಿಟಿಷರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಅನುಭವದಿಂದ ಬೆಟ್ಟ ಹತ್ತಿ ಬಂಗಲೆ ಕಟ್ಟಿಕೊಂಡರು.

ಹಾಗಾಗಿ ಹವೆ ಹಾಕೋದು ಹೊರಗಿನ ಗೆರೆ. ಇಂತಿಂಥ ಎತ್ತರದವರೆಗೆ, ಇಂತಿಂಥ ತಿಂಗಳಲ್ಲಿ ರೋಗ ಸಾಧ್ಯ ಅಂತ ಅದು ಹೇಳುತ್ತೆ. ಭೂಮಿ ಬಿಸಿಯಾದಂತೆ ಆ ಗೆರೆ ಬೆಟ್ಟ ಹತ್ತುತ್ತಿರೋದು ನಿಜವಾದ ಆತಂಕ. ಹಾಗಂತ ಬಿಸಿ ಹೆಚ್ಚಿದಷ್ಟೂ ರೋಗ ಹೆಚ್ಚು ಅನ್ನೋದೂ ಸರಿಯಲ್ಲ, ವಿಪರೀತ ಬಿಸಿಲಿಗೆ ಸೊಳ್ಳೆಯೂ ಸಾಯುತ್ತೆ. ಆದರೆ ಗೆರೆಯ ಒಳಗೆ ಯಾವ ಓಣಿಯಲ್ಲಿ ಸೊಳ್ಳೆ ಇರುತ್ತೆ, ಯಾವ ಓಣಿಯಲ್ಲಿ ಇರಲ್ಲ ಅನ್ನೋದನ್ನು ಬಹುಪಾಲು ತೀರ್ಮಾನಿಸೋದು ನೀರು. ನೀರು ಎಲ್ಲಿ ನಿಲ್ಲುತ್ತೆ ಅನ್ನೋದನ್ನು ಬಹಳಷ್ಟು ಸಲ ತೀರ್ಮಾನಿಸೋದು ಮನುಷ್ಯರು.

ಒಂದು ಸೊಳ್ಳೆಗೆ ಒಂದಾಣೆ

1897ರ ಆಗಸ್ಟ್. ಸಿಕಂದರಾಬಾದಿನ ಸೆಕೆ. ಪಂಖ ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತೆ ಅಂತ ಅದೂ ಬೇಡ. ಹಣೆಯ ಬೆವರು ಹರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆಗ ಹೊರಗಿನ ನೀರಿನಿಂದ ತಂದ ಮರಿಗಳಿಂದ ಚುಕ್ಕಿರೆಕ್ಕೆಯ ಕೆಲವು ಸೊಳ್ಳೆಗಳು ಹೊರಬಂದವು. ಹುಸೇನ್ ಖಾನ್ ಅನ್ನುವ ಮಲೇರಿಯಾ ರೋಗಿಯನ್ನು ಪರದೆಯೊಳಗೆ ಮಲಗಿಸಿ ಅವನ್ನು ಬಿಟ್ಟರು. ಕಚ್ಚಿದ ಪ್ರತಿ ಸೊಳ್ಳೆಗೆ ಆತನಿಗೆ ಒಂದಾಣೆ ಕೂಲಿ.

ಆಗಸ್ಟ್ 20ರಂದು ಉಳಿದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಸೀಳಿದಾಗ, ಹೊಟ್ಟೆಯ ಗೋಡೆಯಲ್ಲಿ ದುಂಡಗಿನ ಕೋಶಗಳು, ಅವುಗಳೊಳಗೆ ಮಲೇರಿಯಾದ ಗುರುತಾದ ಕಪ್ಪು ಕಣಗಳು ಕಂಡವು. ಮರುದಿನ ಸೀಳಿದ ಸೊಳ್ಳೆಯಲ್ಲಿ ಕೋಶಗಳು ಇನ್ನಷ್ಟು ದೊಡ್ಡದಾಗಿದ್ದವು. ಬೆಳೆಯುತ್ತಿವೆ ಅಂದಮೇಲೆ ಅನುಮಾನ ಉಳಿಯಲಿಲ್ಲ. ಇವತ್ತಿಗೂ ಜಗತ್ತು ಆಗಸ್ಟ್ 20ನ್ನು ಸೊಳ್ಳೆ ದಿನ ಅಂತ ಆಚರಿಸುತ್ತೆ.

ಇಷ್ಟಾದ ಮೇಲೆ ಸರ್ಕಾರ ಆತನಿಗೆ ಪ್ರಯೋಗಾಲಯ ಕೊಡಬೇಕಿತ್ತು. ಕೊಟ್ಟದ್ದು ರಾಜಪುತಾನದ ಖೇರ್ವಾಡಕ್ಕೆ ವರ್ಗಾವಣೆ. ಮ್ಯಾನ್ಸನ್ ಲಂಡನ್ನಿನಲ್ಲಿ ಒತ್ತಡ ತಂದ ಮೇಲೆ 1898ರಲ್ಲಿ ಕಲ್ಕತ್ತೆಗೆ ಕಳಿಸಿದರು. ಅಲ್ಲಿ ಪ್ಲೇಗ್ ಭಯಕ್ಕೆ ಜನ ಸೂಜಿ ಕಂಡರೆ ಓಡುತ್ತಿದ್ದರು. ರಾಸ್ ಹಕ್ಕಿಗಳ ಮಲೇರಿಯಾ ಹಿಡಿದುಕೊಂಡ. ಸೊಳ್ಳೆಯ ಹೊಟ್ಟೆಯಿಂದ ಹೊರಟ ಪರಾವಲಂಬಿ ಎಂಜಲಿನ ಗ್ರಂಥಿಗೆ ತಲುಪೋದನ್ನು ಆ ವರ್ಷದ ಜುಲೈನಲ್ಲಿ ನೋಡಿದ, ಸೊಳ್ಳೆ ಕಚ್ಚಿದ ಆರೋಗ್ಯವಂತ ಗುಬ್ಬಿಗಳಿಗೆ ರೋಗ ಬರೋದನ್ನು ತೋರಿಸಿದ. ಮನುಷ್ಯರ ಮಲೇರಿಯಾದ ಪೂರ್ತಿ ಚಕ್ರವನ್ನು ಅನಾಫಿಲಿಸ್‌ನಲ್ಲಿ ತೋರಿಸಿದ್ದು ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು. ಯಾರು ಮೊದಲು ಅನ್ನುವ ಜಗಳವನ್ನು ರಾಸ್ ಸಾಯುವವರೆಗೂ ಬಿಡಲಿಲ್ಲ. 1902ರ ನೊಬೆಲ್ ರಾಸ್ ಒಬ್ಬನಿಗೇ ಬಂತು. ಭಾರತದಲ್ಲಿ ಹುಟ್ಟಿ ನೊಬೆಲ್ ಪಡೆದ ಮೊದಲಿಗ ಆತ.

ಲೆಕ್ಕ ಗೆದ್ದಿತು, ಫೈಲು ಸೋತಿತು

ಬಹಳ ಜನ ರಾಸ್ ಕತೆಯನ್ನು ಇಲ್ಲಿಗೇ ಮುಗಿಸುತ್ತಾರೆ. ನನಗೆ ಮುಖ್ಯ ಅನ್ನಿಸೋದು ಮುಂದಿನ ಮೂವತ್ತು ವರ್ಷ. 1899ರಲ್ಲಿ ಭಾರತದ ಕೆಲಸ ಬಿಟ್ಟು ಲಿವರ್‌ಪೂಲಿನ ಹೊಸ ಉಷ್ಣವಲಯ ವೈದ್ಯಶಾಲೆ ಸೇರಿದ ರಾಸ್ ಅದೇ ವರ್ಷ ಸಿಯೆರಾ ಲಿಯೋನ್‌ನ ಫ್ರೀಟೌನಿಗೆ ಹೋದ. ಅಲ್ಲಿ ಅನಾಫಿಲಿಸ್ ಮರಿಗಳು ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ, ಊರಿನ ರಸ್ತೆಗುಂಡಿ ಮತ್ತು ಚರಂಡಿಯಲ್ಲಿ ನಿಂತ ನೀರಿನಲ್ಲಿ. ಅಲ್ಲಿಗೆ ಬೆಂಗಳೂರಿನ ತೊಟ್ಟಿ ಮತ್ತೆ ನೆನಪಾಗಿರಬೇಕು. ಗುಂಡಿ ಮುಚ್ಚಿಸೋದು, ಚರಂಡಿ ಸರಿ ಮಾಡೋದು ಡಾಕ್ಟರ ಕೆಲಸ ಅಲ್ಲ, ಪಾಲಿಕೆಯ ಕೆಲಸ.

1902ರಲ್ಲಿ ಸೂಯೆಜ್ ಕಾಲುವೆ ಕಂಪನಿ ರಾಸ್‌ನನ್ನು ಈಜಿಪ್ಟಿನ ಇಸ್ಮಾಯಿಲಿಯಾಗೆ ಕರೆಯಿತು. ಮರುಭೂಮಿಯ ನಡುವಿನ ಊರು. ಸಿಹಿನೀರಿನ ಕಾಲುವೆ ಬಂದ ಮೇಲೆ ಅಲ್ಲಿ ಮಲೇರಿಯಾ ಶುರುವಾಗಿತ್ತು. ಅಂದರೆ ಹವೆ ಅದೇ, ಬದಲಾದದ್ದು ನೀರು. ಕಂಪನಿ ದುಡ್ಡು ಸುರಿದು ಹೊಂಡ ಮುಚ್ಚಿಸಿತು, ನೀರು ಬಸಿಯುವಂತೆ ಮಾಡಿತು. ಕೆಲವೇ ವರ್ಷಕ್ಕೆ ಹೊಸ ಮಲೇರಿಯಾ ಹೆಚ್ಚುಕಡಿಮೆ ನಿಂತಿತು.

ಅದೇ ಹೊತ್ತಿಗೆ ಲಾಹೋರಿನ ಹೊರಗಿನ ಮಿಯಾನ್ ಮೀರ್ ದಂಡಿನಲ್ಲಿ ಭಾರತ ಸರ್ಕಾರವೂ ಒಂದು ಪ್ರಯೋಗ ಮಾಡಿತು. ಕಾಲುವೆ ನೀರು ಹರಿಯುವ, ಸಮತಟ್ಟಾದ ಜಾಗ. ಸಣ್ಣ ಬಜೆಟ್ಟಿನಲ್ಲಿ ಒಂದಷ್ಟು ಹೊಂಡ ಮುಚ್ಚಿ, ಒಂದಷ್ಟು ಕಾಲುವೆ ತಡೆದು, ಕೊನೆಗೆ ಇದು ಆಗೋ ಕೆಲಸ ಅಲ್ಲ ಅಂತ ವರದಿ ಬರೆದರು. ಪ್ರಯೋಗ ಸೋತದ್ದಲ್ಲ, ಅರೆಮನಸ್ಸಿನಿಂದ ಮಾಡಿದ್ದು ಅಂತ ರಾಸ್ ವರ್ಷಗಟ್ಟಲೆ ಕೂಗಾಡಿದ. ಆದರೆ ಆ ವರದಿ ಭಾರತದಲ್ಲಿ ಸೊಳ್ಳೆ ನಿಯಂತ್ರಣದ ಉತ್ಸಾಹವನ್ನೇ ತಣ್ಣಗೆ ಮಾಡಿತು. ಬೆಂಗಳೂರಿನ ಅಜುಟೆಂಟ್ ಈ ಸಲ ಫೈಲಿನ ರೂಪದಲ್ಲಿ ಬಂದಿದ್ದ.

ವಾದಕ್ಕೆ ಉತ್ತರ ಕೊಡಲು ರಾಸ್ ತನ್ನ ಹಳೇ ಪ್ರೀತಿಯಾದ ಗಣಿತಕ್ಕೆ ಮರಳಿದ. ಒಂದು ಜಾಗದಲ್ಲಿ ಸೊಳ್ಳೆ ತೆಗೆದರೆ ಪಕ್ಕದ ಊರಿನಿಂದ ಹಾರಿಬಂದು ತುಂಬಿಕೊಳ್ಳಲ್ವಾ ಅನ್ನೋದು ಟೀಕಾಕಾರರ ಪ್ರಶ್ನೆ. ಸೊಳ್ಳೆ ದಿಕ್ಕು ತಪ್ಪಿ ಅಲ್ಲಿ ಇಲ್ಲಿ ಹಾರುತ್ತೆ ಅಂತ ಇಟ್ಟುಕೊಂಡರೆ ಹೆಚ್ಚಿನವು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಉಳಿಯುತ್ತವೆ ಅಂತ 1904ರಲ್ಲಿ ರಾಸ್ ಲೆಕ್ಕ ಹಾಕಿ ತೋರಿಸಿದ. ಈ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಕೈಗೆತ್ತಿಕೊಂಡು ಬೆಳೆಸಿದ. ಇಂಜಿನಿಯರಿಂಗ್ ಓದಿದವರು ಪ್ರಾಬಬಿಲಿಟಿ ಕ್ಲಾಸಿನಲ್ಲಿ ರ್‍ಯಾಂಡಮ್ ವಾಕ್ ಅಂತ ನಿದ್ದೆಗಣ್ಣಿನಲ್ಲಿ ಕೇಳಿರುತ್ತೀರಿ. ಅದರ ಬೇರಿನಲ್ಲಿ ಒಂದು ಸೊಳ್ಳೆ ಇದೆ ಅಂತ ನಮ್ಮ ಮೇಷ್ಟ್ರು ಹೇಳಲೇ ಇಲ್ಲ.

1907-08ರಲ್ಲಿ ರಾಸ್ ಮಾರಿಷಸ್‌ಗೆ ಹೋದ. ಈ ದ್ವೀಪದ ಕತೆ ಇನ್ನೂ ಸ್ಪಷ್ಟ. ಹವೆ ಮೊದಲಿನಿಂದಲೂ ಮಲೇರಿಯಾಗೆ ಅನುಕೂಲವೇ. ಆದರೂ 1860ರ ದಶಕದವರೆಗೆ ಅಲ್ಲಿ ಆ ರೋಗ ಬೇರೂರಿರಲಿಲ್ಲ. ಅನಾಫಿಲಿಸ್ ಹಡಗಿನಲ್ಲಿ ಬಂದಿರಬೇಕು ಅನ್ನೋದು ರಾಸ್‌ನ ನಿಲುವು. 1867ರ ಮಹಾಜ್ವರಕ್ಕೆ ಸಾವಿರಾರು ಜನ ಸತ್ತರು. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋಗಿದ್ದ ಭಾರತದ ಕೂಲಿಗಳು ಅವರಲ್ಲಿ ಬಹಳ. ಹವೆ ಬಾಗಿಲು ತೆರೆದಿಟ್ಟಿತ್ತು. ಒಳಗೆ ಕರೆತಂದದ್ದು ಸಾಮ್ರಾಜ್ಯದ ವ್ಯಾಪಾರ.

ಅಲ್ಲಿ ಶುರು ಮಾಡಿ 1911ರ ಹೊತ್ತಿಗೆ ಪಕ್ಕಾ ಮಾಡಿದ ಸಮೀಕರಣಗಳಲ್ಲಿ ರಾಸ್ ಹೇಳಿದ್ದು ಇಷ್ಟು: ಮಲೇರಿಯಾ ನಿಲ್ಲಿಸಲು ಕೊನೆಯ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ. ಒಬ್ಬ ಮನುಷ್ಯನಿಗೆ ಇಷ್ಟು ಸೊಳ್ಳೆ ಅನ್ನುವ ಒಂದು ಹೊಸ್ತಿಲಿದೆ. ಅದಕ್ಕಿಂತ ಕೆಳಗೆ ತಂದು ಅಲ್ಲೇ ಹಿಡಿದಿಟ್ಟರೆ ರೋಗ ತಾನಾಗಿ ಕುಗ್ಗುತ್ತೆ. ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ದಿನವೂ ಕೇಳಿದ ಆರ್ ಸಂಖ್ಯೆ ಈ ಯೋಚನೆಯ ಮೊಮ್ಮಗ. ಆಡಳಿತದ ಭಾಷೆಗೆ ತಂದರೆ, ಪೂರ್ತಿ ಮಾಡಲಾಗದು ಅಂತ ಏನೂ ಮಾಡದೆ ಕೂರುವ ನೆಪವನ್ನು ಈ ಗಣಿತ ಕಿತ್ತುಕೊಂಡಿತು.

ರಾಸ್ ನೋಡದೇ ಹೋದದ್ದು

ಆತನನ್ನು ದೇವರ ಕೋಣೆಯಲ್ಲಿ ಕೂರಿಸೋ ಉದ್ದೇಶ ನನಗಿಲ್ಲ. ರಾಸ್ ಸಾಮ್ರಾಜ್ಯದ ಮನುಷ್ಯ. ಮಲೇರಿಯಾ ಗೆದ್ದರೆ ಬ್ರಿಟಿಷ್ ಆಳ್ವಿಕೆ ಗಟ್ಟಿಯಾಗುತ್ತೆ ಅನ್ನೋದು ಆತನಿಗೆ ಹೆಮ್ಮೆಯ ವಿಷಯ. ಶುರುವಿನಲ್ಲಿ, ಸತ್ತ ಸೊಳ್ಳೆ ಬಿದ್ದ ನೀರಿನಿಂದ ರೋಗ ಬರುತ್ತಾ ಅಂತ ನೋಡಲು ಸೇವಕನೊಬ್ಬನಿಗೆ ದುಡ್ಡು ಕೊಟ್ಟು ಅಂಥ ನೀರು ಕುಡಿಸಿದ್ದ. ಕಲ್ಕತ್ತೆಯಲ್ಲಿ ಸೊಳ್ಳೆ ಸಾಕಿ, ಹಕ್ಕಿ ಹಿಡಿದು, ಹಗಲು ರಾತ್ರಿ ದುಡಿದ ಮಹಮ್ಮದ್ ಬಕ್ಸ್ ಹೆಸರು ನಮ್ಮ ಪಠ್ಯದಲ್ಲಿ ಇಲ್ಲ. ಅಮಿತಾವ್ ಘೋಷ್ ತಮ್ಮ 1995ರ ಕಾದಂಬರಿ ಕಲ್ಕತ್ತಾ ಕ್ರೋಮೋಸೋಮ್‌ನಲ್ಲಿ ಈ ಮರೆತುಹೋದ ಸಹಾಯಕರ ಕಡೆಯಿಂದಲೇ ಕತೆ ಕಟ್ಟಿದ್ದಾರೆ.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. 1908ರ ಶರತ್ಕಾಲದಲ್ಲಿ ಪಂಜಾಬಿನಲ್ಲಿ ಎರಡು ತಿಂಗಳಿಗೆ ಸುಮಾರು 3 ಲಕ್ಷ ಜನ ಮಲೇರಿಯಾಗೆ ಬಲಿಯಾದರು. ಅದನ್ನು ಅಧ್ಯಯನ ಮಾಡಿದ ಕ್ರಿಸ್ಟೋಫರ್ಸ್, ಮಿಯಾನ್ ಮೀರ್ ಪ್ರಯೋಗ ನಡೆಸಿದವರಲ್ಲಿ ಒಬ್ಬ, ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟ: ಆ ವರ್ಷದ ಅತಿಮಳೆ ಮತ್ತು ಧಾನ್ಯದ ಏರಿದ ಬೆಲೆ. ಮಳೆ ಸೊಳ್ಳೆ ಹುಟ್ಟಿಸಿತು. ಆದರೆ ಕಚ್ಚಿಸಿಕೊಂಡವರಲ್ಲಿ ಸಾಯೋದು ಯಾರು ಅನ್ನೋದರಲ್ಲಿ ಹಸಿವಿನ ಕೈ ದೊಡ್ಡದಿತ್ತು. ರಾಸ್‌ನ ಸಮೀಕರಣದಲ್ಲಿ ಸೊಳ್ಳೆಗೆ ಒಂದು ಅಕ್ಷರ ಇತ್ತು, ಮನುಷ್ಯನಿಗೆ ಒಂದು ಅಕ್ಷರ ಇತ್ತು. ಅನ್ನಕ್ಕೆ ಇರಲಿಲ್ಲ.

1911ರಲ್ಲಿ ಸರ್ ಪದವಿ, 1926ರಲ್ಲಿ ಲಂಡನ್ನಿನಲ್ಲಿ ತನ್ನದೇ ಹೆಸರಿನ ಸಂಸ್ಥೆ. ಆದರೂ ಸರ್ಕಾರ ತನಗೆ ಸರಿಯಾಗಿ ದುಡ್ಡು ಕೊಡಲಿಲ್ಲ ಅನ್ನುವ ಕೊರಗು ಹೋಗಲಿಲ್ಲ. ಕೊನೆಗಾಲದಲ್ಲಿ ತನ್ನ ಕಾಗದಪತ್ರಗಳನ್ನೇ ಮಾರಿದ. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡ.

ಮೂರು ಸೊಳ್ಳೆ, ಮೂರು ಕರ್ನಾಟಕ

ರಾಸ್ ಬಿಟ್ಟುಹೋದ ಕಣ್ಣಿನಿಂದ ನಮ್ಮ ರಾಜ್ಯವನ್ನು ನೋಡಿದರೆ ನಕ್ಷೆ ಬೇರೆಯಾಗಿ ಕಾಣುತ್ತೆ. ಮಲೆನಾಡಿನಲ್ಲಿ ಊರಿಗೆ ಊರೇ ಖಾಲಿಯಾಗುವಷ್ಟು ಮಲೇರಿಯಾ ಇತ್ತು ಅಂತ ಅಜ್ಜ ಅಜ್ಜಿಯರು ಹೇಳಿದ್ದನ್ನು ಆ ಕಡೆಯವರು ಕೇಳಿರುತ್ತೀರಿ. ಅಲ್ಲಿ ರೋಗ ಹೊತ್ತದ್ದು ನಿಧಾನಕ್ಕೆ ಹರಿಯುವ ಬೆಟ್ಟದ ತಿಳಿ ತೊರೆಗಳಲ್ಲಿ ಮೊಟ್ಟೆಯಿಡುವ ಫ್ಲೂವಿಯಾಟಿಲಿಸ್ ಅನ್ನುವ ಅನಾಫಿಲಿಸ್. ಮಂಡ್ಯದ ಬಯಲಿಗೆ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ ಬಂದಾಗ ಕಬ್ಬು ಭತ್ತದ ಜೊತೆಗೆ ಮಲೇರಿಯಾವೂ ಬಂತು. ಅಲ್ಲಿನದ್ದು ಕಾಲುವೆಯ ಸೋರಿಕೆ, ಗದ್ದೆಯ ನೀರು ಇಷ್ಟಪಡುವ ಕ್ಯೂಲಿಸಿಫೇಸೀಸ್. ಇನ್ನು 1990ರ ದಶಕದಿಂದ ಮಂಗಳೂರನ್ನು ಕಾಡಿದ ಮಲೇರಿಯಾದ ಹಿಂದೆ ಇದ್ದದ್ದು ಬಾವಿ, ಟ್ಯಾಂಕ್, ಕಟ್ಟಡ ಕಾಮಗಾರಿಯ ನಿಂತ ನೀರಲ್ಲಿ ಬೆಳೆಯುವ ಸ್ಟೀಫೆನ್ಸಿ. ಪೇಟೆಗೆ ಒಗ್ಗಿಕೊಂಡ ಈ ನಮ್ಮ ಕಡೆಯ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂತಿಯಲ್ಲಿ ಪತ್ತೆಯಾಗಿ ಈಗ ಅಲ್ಲಿನ ನಗರಗಳಿಗೂ ತಲೆನೋವಾಗಿದೆ.

ಮೂರೂ ಒಂದೇ ರಾಜ್ಯ, ಮೂರೂ ಅನಾಫಿಲಿಸ್. ಮೊದಲನೆಯದಕ್ಕೆ ಮನೆ ಕಟ್ಟಿಕೊಟ್ಟದ್ದು ಬೆಟ್ಟ ಮತ್ತು ಮಳೆ. ಉಳಿದೆರಡಕ್ಕೆ ಕಟ್ಟಿಕೊಟ್ಟದ್ದು ನಾವು. ನಾಲೆ ಬೇಡ, ಕಟ್ಟಡ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಯೋಜನೆ ಬರೆಯುವಾಗಲೇ ನಿಲ್ಲುವ ನೀರಿನ ಲೆಕ್ಕವನ್ನೂ ಬರೆಯಬಹುದು. ಇಸ್ಮಾಯಿಲಿಯಾದಲ್ಲಿ ಬರೆದರು, ಮಿಯಾನ್ ಮೀರ್‌ನಲ್ಲಿ ಕೈಬಿಟ್ಟರು.

ಈಗ ಡೆಂಗಿಗೆ ಬನ್ನಿ. 2024ರ ಸೆಪ್ಟೆಂಬರ್ ಹೊತ್ತಿಗೆ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ ದಂಡದ ಪಟ್ಟಿ ತಂದಿತು. ಸೊಳ್ಳೆ ಹುಟ್ಟಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200, ನಗರದ ಕಟ್ಟಡ ಕಾಮಗಾರಿ ಸ್ಥಳಕ್ಕೆ 2,000. ನಿಯಮ ಬೇಕು, ಸರಿ. ಆದರೆ ಕೋಟಿಗಟ್ಟಲೆ ಯೋಜನೆಯ ಬಿಲ್ಡರ್‌ಗೆ 2,000 ಅಂದರೆ ಒಂದು ಮಧ್ಯಾಹ್ನದ ಕಾಫಿ ಖರ್ಚು. ಕೂಲಿಯವನಿಗೆ 400 ಅಂದರೆ ಹೆಚ್ಚುಕಡಿಮೆ ಅರ್ಧ ದಿನದ ದುಡಿಮೆ. ಮುಖ್ಯವಾಗಿ, ನಲ್ಲಿ ನೀರು ದಿನಾ ಬರೋ ಮನೆಯಲ್ಲಿ ಡ್ರಮ್ ಇರಲ್ಲ. ಡ್ರಮ್ ಇರೋದು ನೀರು ಬಾರದ ಮನೆಯಲ್ಲಿ. ನೀರು ಕೊಡದೇ ಇರೋದು ಒಬ್ಬರು, ದಂಡ ಕಟ್ಟೋದು ಇನ್ನೊಬ್ಬರು.

ಬೆಂಗಳೂರಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. 2024ರ ಆ ಡೆಂಗಿ ಮಳೆಗಾಲದಲ್ಲೂ ವಾರ್ಡಿನ ಗುಂಡಿ, ಚರಂಡಿ, ಖಾಲಿ ಸೈಟಿನ ಬಗ್ಗೆ ಕೇಳಲು ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ರಾಸ್ ಜೀವನವಿಡೀ ಒದ್ದಾಡಿದ್ದು ಅಧಿಕಾರಿಗಳ ಬಾಗಿಲಲ್ಲಿ, ಯಾಕಂದರೆ ಆಗ ಹೆಚ್ಚಿನ ಜನರಿಗೆ ಓಟೇ ಇರಲಿಲ್ಲ. ನಮಗೆ ಇದೆ.

ಹಾಗಾಗಿ ಮುಂದಿನ ಸಲ ಯಾರಾದರೂ ಓಟು ಕೇಳಿಕೊಂಡು ಬಂದರೆ, ಫಾಗಿಂಗ್ ಯಾವಾಗ ಮಾಡಿಸ್ತೀರಿ ಅಂತ ಕೇಳಬೇಡಿ. ಹೊಗೆ ಹೊಡೆಸೋದು ಸುಲಭ, ಫೋಟೋನೂ ಚೆನ್ನಾಗಿ ಬರುತ್ತೆ, ನೀರೊಳಗಿನ ಮರಿ ಮಾತ್ರ ಹಾಗೇ ಇರುತ್ತೆ. ಕೇಳಬೇಕಾದ್ದು ಎರಡು ಪಟ್ಟಿ. ಯಾವ ಬೀದಿಗೆ ವಾರಕ್ಕೆ ಎಷ್ಟು ದಿನ ನೀರು ಬರುತ್ತೆ ಅನ್ನೋದು ಒಂದು. ಯಾವ ಬೀದಿಯಲ್ಲಿ ಎಷ್ಟು ಡೆಂಗಿ ಅನ್ನೋದು ಇನ್ನೊಂದು. ಎರಡನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ಎಲ್ಲರಿಗೂ ಕಾಣುವಂತೆ ಹಾಕಿ ಅಂತ ಕೇಳಿ. ಅದಕ್ಕೆ ಸೂಕ್ಷ್ಮದರ್ಶಕ ಬೇಡ, ನೊಬೆಲ್ ಬೇಡ, ಒಂದು ಎಕ್ಸೆಲ್ ಶೀಟ್ ಸಾಕು.

ಎರಡು ವಾರ ಬಿಟ್ಟು ಅದೇ ಆರೋಗ್ಯ ಕಾರ್ಯಕರ್ತೆ ಮತ್ತೆ ಬಂದರು. ನಾನು ಡ್ರಮ್ ಉಜ್ಜಿ ತೊಳೆದು, ಬಾಯಿಗೆ ಹಳೇ ಪಂಚೆ ಬಿಗಿದಿದ್ದೆ. ಟಾರ್ಚ್ ಬಿಟ್ಟು ನೋಡಿ ತಲೆಯಾಡಿಸಿದರು. ನೀರು ಈಗೆಷ್ಟು ದಿನಕ್ಕೆ ಬರ್ತಿದೆ ಅಂತ ಕೇಳಿದರು. ಮೂರು ದಿನಕ್ಕೇ ಅಕ್ಕಾ ಅಂದೆ. ಗೋಡೆಯ ಹಳೇ ತಾರೀಕಿನ ಕೆಳಗೆ ಹೊಸದನ್ನು ಬರೆದು ಹೋದರು. ನೀರಿನ ದಿನ ಬರೆದುಕೊಳ್ಳಲು ಅವರ ಫಾರಂನಲ್ಲಿ ಜಾಗ ಇರಲಿಲ್ಲ.